ಮಸೆದ ಚಾಕು ಬೆಳಗಾಗುವಷ್ಟರಲ್ಲಿ ಮೊಂಡಾದರೆ: ಉಕ್ಕಿನ ಚಾಕುವಿನ ತುಕ್ಕು, ಹದ, ಹರಿತದ ದೋಷ ಹುಡುಕುವ ಬಗೆ

ಬಾಗಲಕೋಟೆಯಲ್ಲಿ ನಮ್ಮದೊಂದು ಖಾನಾವಳಿ ಇದೆ. ದಿನಕ್ಕೆ ಹತ್ತು ಹನ್ನೆರಡು ಕಿಲೋ ಉಳ್ಳಾಗಡ್ಡಿ, ಐದಾರು ಕಿಲೋ ಬದನೆಕಾಯಿ ಹೆಚ್ಚುತ್ತೇವೆ. ಜೊತೆಗೆ ಸೌತೆಕಾಯಿ, ಮೆಂತೆ, ಹಸಿಮೆಣಸಿನಕಾಯಿ. ಅಡುಗೆಮನೆಯಲ್ಲಿ ಮೂರು ಚಾಕು, ಒಂದು ಈಳಿಗೆ. ನಾಲ್ಕೂ ಕಂಬಾರರು ಬಡಿದು ಮಾಡಿದ್ದು. ಲಾರಿಯ ಹಳೇ ಕಮಾನುಪಟ್ಟಿಯ, ಅಂದರೆ ಸ್ಪ್ರಿಂಗ್ ಪಟ್ಟಿಯ ಉಕ್ಕು.

ಇಂಥ ಚಾಕು ಕೊಂಡವರಿಂದ ನಾನು ಕೇಳುವ ದೂರು ಎರಡೇ. ಒಂದು, ವಾರದಲ್ಲಿ ಜಂಗು ಹಿಡಿಯಿತು. ಎರಡು, ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆ ಎಂದುಕೊಂಡು ಜನ ಒಂದಕ್ಕೆ ಎಣ್ಣೆ ಹುಡುಕುತ್ತಾರೆ, ಇನ್ನೊಂದಕ್ಕೆ ಸಾಣೆ ಹುಡುಕುತ್ತಾರೆ. ನನ್ನ ಅನುಭವದಲ್ಲಿ ಬಹಳಷ್ಟು ಸಲ ಇವೆರಡೂ ಒಂದೇ ದೋಷ. ಚಾಕು ತರಕಾರಿ ಹೆಚ್ಚಿ ಮೊಂಡಾಗಿರುವುದಿಲ್ಲ. ರಾತ್ರಿ ಸುಮ್ನೆ ಇಟ್ಟಲ್ಲೇ ಅದರ ಅಂಚನ್ನು ತುಕ್ಕು ತಿಂದಿರುತ್ತದೆ.

ಹಾಗಾಗಿ ಮಸೆಗಲ್ಲು ಹಿಡಿಯುವ ಮೊದಲು ದೋಷ ಎಲ್ಲಿದೆ ಅಂತ ನೋಡಿ. ಸುಮ್ಮಸುಮ್ಮನೆ ಮಸೆದರೆ ಉಕ್ಕು ಸವೆಯುತ್ತದೆ, ದೋಷ ಅಲ್ಲೇ ಇರುತ್ತದೆ.

ಮೊದಲು: ಇದು ಯಾವ ಉಕ್ಕು?

ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ ಅಂತ ಹಲವರು ಹೇಳುತ್ತಾರೆ. ಚಾಕುವಿನ ಮಟ್ಟಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಸ್ಟೀಲಿನ ತಟ್ಟೆ, ಡಬ್ಬಿಗೆ ಅಯಸ್ಕಾಂತ ಅಷ್ಟಾಗಿ ಅಂಟದಿರಬಹುದು, ಆದರೆ ಸ್ಟೇನ್‌ಲೆಸ್ ಚಾಕುಗಳಿಗೆ ಚೆನ್ನಾಗಿಯೇ ಅಂಟುತ್ತದೆ. ಅದರ ಬದಲು ಲಿಂಬೆಹಣ್ಣು ತೆಗೆದುಕೊಳ್ಳಿ. ಅರ್ಧ ಹೋಳಿನಿಂದ ಹಿಡಿಕೆಯ ಹತ್ತಿರ ಒಂದು ಮೂಲೆಗೆ ಉಜ್ಜಿ ಹತ್ತು ನಿಮಿಷ ಬಿಡಿ. ಬೂದು ಕಲೆ ಬಿದ್ದರೆ ಅದು ಕಾರ್ಬನ್ ಉಕ್ಕು. ಏನೂ ಆಗದಿದ್ದರೆ ಸ್ಟೇನ್‌ಲೆಸ್.

ವ್ಯತ್ಯಾಸ ಇರುವುದು ಕ್ರೋಮಿಯಂನಲ್ಲಿ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಬೇಕು. ಅದು ಗಾಳಿಯ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಕಮಾನುಪಟ್ಟಿಯಲ್ಲೂ ಒಂದಿಷ್ಟು ಕ್ರೋಮಿಯಂ ಇರುವುದುಂಟು, ಆದರೆ 1% ಆಸುಪಾಸು. ಪೊರೆ ಕಟ್ಟಲು ಅದು ಸಾಲದು. ಇಂಥ ಚಾಕುವಿಗೆ ಆ ಪೊರೆಯ ಕೆಲಸ ನಾವೇ ಮಾಡಿಕೊಡಬೇಕು.

ಕಾರ್ಬನ್ ಎಷ್ಟಿದೆ ಅನ್ನುವುದು ಇನ್ನೊಂದು ಮಾತು. ಕಮಾನುಪಟ್ಟಿಯಲ್ಲಿ ಸುಮಾರು 0.6%, ಲೋಹ ಉಜ್ಜುವ ಹಳೇ ಅರದಲ್ಲಿ 1% ಅಥವಾ ಇನ್ನೂ ಜಾಸ್ತಿ. ಮನೆ ಕಟ್ಟುವ ಸರಳಿನಲ್ಲಿ ಕಾಲು ಪರ್ಸೆಂಟೂ ಇರುವುದು ಕಷ್ಟ. ಅಂಥ ಮೆದು ಕಬ್ಬಿಣದಲ್ಲಿ ಮಾಡಿದ ಚಾಕು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಗಟ್ಟಿಯಾಗದು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಚಾಕುಗಳ ಕಥೆ ಇದೇ. ಅವು ದಿನಾ ಮಸೆಯುವುದಕ್ಕೇ ಹುಟ್ಟಿದವು, ಅವುಗಳ ಮೇಲೆ ಈ ಪರೀಕ್ಷೆಗಳನ್ನೆಲ್ಲ ಮಾಡಿ ಸಮಯ ಕಳೆಯಬೇಡಿ.

ಬಣ್ಣ ಓದುವುದು

ಅಲಗನ್ನು ಬೆಳಕಿಗೆ ಹಿಡಿಯಿರಿ. ಬಣ್ಣವೇ ಅರ್ಧ ಕಥೆ ಹೇಳುತ್ತದೆ.

ಬೂದು, ನೀಲಿ ಬೂದು, ಕಪ್ಪು: ಇದು ದೋಷವಲ್ಲ. ಉಳ್ಳಾಗಡ್ಡಿ, ಮಾವಿನಕಾಯಿ, ಟೊಮೆಟೊ ರಸ ತಾಗಿ ತಾಗಿ ಉಕ್ಕಿನ ಮೇಲೆ ಕಟ್ಟಿದ ಪದರ. ಬಿಗಿಯಾಗಿ ಅಂಟಿಕೊಂಡಿರುತ್ತದೆ, ಬೆರಳಿಗೆ ಬರುವುದಿಲ್ಲ, ಕೆಂಪು ತುಕ್ಕನ್ನು ನಿಧಾನ ಮಾಡುತ್ತದೆ. ಇದನ್ನು ಕೊಳೆ ಅಂತ ತಿಳಿದು ದಿನಾ ತಂತಿಬ್ರಷ್‌ನಿಂದ ತಿಕ್ಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ರಕ್ಷಣೆಗೆ ಬಂದದ್ದನ್ನೇ ಹೊರಗೆ ಹಾಕಿದ ಹಾಗೆ.

ಕೆಂಪು, ಕಿತ್ತಳೆ, ಬೆರಳಿಗೆ ಪುಡಿ: ಇದು ತುಕ್ಕು. ತೂತುತೂತಾಗಿರುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಡಿಯಲ್ಲಿ ಇನ್ನಷ್ಟು ತಿನ್ನುತ್ತದೆ. ಕಂಡ ದಿನವೇ ತೆಗೆಯಬೇಕು.

ಹಳದಿ, ಅಂಟಂಟು: ತುಕ್ಕಲ್ಲ, ಎಣ್ಣೆ. ನಮ್ಮ ಕಡೆ ಮನೆಮನೆಯಲ್ಲೂ ಕುಸುಬೆ ಎಣ್ಣೆ ಇರುತ್ತಿತ್ತು, ಈಗಲೂ ಹಲವರು ಬಳಸುತ್ತಾರೆ. ಅಡುಗೆಗೆ ಚಲೋ. ಆದರೆ ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯ ಎಣ್ಣೆ. ಚಾಕುವಿಗೆ ದಪ್ಪಗೆ ಹಚ್ಚಿಟ್ಟರೆ ಎಂಟು ದಿನಕ್ಕೆ ಅಂಟಾಗಿ ಧೂಳು ಹಿಡಿಯುತ್ತದೆ. ಹಚ್ಚುವುದಾದರೆ ಒಂದೇ ಹನಿ, ಬಟ್ಟೆಯಿಂದ ಒರೆಸಿ ಒರೆಸಿ ಇಲ್ಲವೇ ಇಲ್ಲ ಅನ್ನುವಷ್ಟು ತೆಳು ಮಾಡಿ. ತಿಂಗಳುಗಟ್ಟಲೆ ಇಡುವ ಚಾಕುವಿಗೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಸರಿ. ಅದು ಒಣಗುವುದಿಲ್ಲ, ಕಮಟು ವಾಸನೆಯೂ ಬರುವುದಿಲ್ಲ.

ಅಂಚಿನ ಉದ್ದಕ್ಕೆ ನೇರಳೆ ಅಥವಾ ಕಡು ನೀಲಿ ಪಟ್ಟಿ, ಅದೂ ಸಾಣೆ ಹಿಡಿಸಿದ ಮೇಲೆ ಬಂದದ್ದು: ಇದು ಎಲ್ಲಕ್ಕಿಂತ ಕೆಟ್ಟದ್ದು. ಅಂಚು ಸುಟ್ಟಿದೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ತಾಮ್ರದ ಗುಲಾಬಿ ಬಣ್ಣ: ತೋಟದಲ್ಲಿ ಬಳಸಿದ ಚಾಕು, ಕತ್ತರಿಯಲ್ಲಿ ಮಾತ್ರ ಕಾಣುತ್ತದೆ. ಅದಕ್ಕೂ ಆಮೇಲೆ ಬರೋಣ.

ಅರ್ಧ ಎಣ್ಣೆ ಪರೀಕ್ಷೆ

"ಬೆಳಗ್ಗೆ ಮಸೆದೆ, ಮರುದಿನ ಟೊಮೆಟೊ ಸಿಪ್ಪೆ ಮೇಲೆ ಜಾರುತ್ತದೆ" ಅನ್ನುವವರು ಮೊದಲು ಇದನ್ನು ಮಾಡಿ. ಒಂದು ರಾತ್ರಿ ಸಾಕು, ಖರ್ಚಿಲ್ಲ.

ಚಾಕುವನ್ನು ಚೆನ್ನಾಗಿ ಮಸೆಯಿರಿ. ಪೇಪರ್ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಹಿಡಿಕೆಯಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಕೊಯ್ಯಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು. ಆಮೇಲೆ ದಿನಾ ತೊಳೆಯುವ ಹಾಗೇ ತೊಳೆಯಿರಿ, ದಿನಾ ಒರೆಸುವಷ್ಟೇ ಒರೆಸಿ. ಈಗ ತುದಿಯ ಕಡೆಯ ಅರ್ಧಕ್ಕೆ ಮಾತ್ರ ಎಣ್ಣೆ ಹಚ್ಚಿ, ಅಂಚಿನ ಎರಡೂ ಬದಿಗೆ. ಹಿಡಿಕೆಯ ಕಡೆಯ ಅರ್ಧ ಹಾಗೇ ಇರಲಿ. ದಿನಾ ಇಡುವ ಜಾಗದಲ್ಲೇ ಇಡಿ. ಬೆಳಗ್ಗೆ ಏನನ್ನೂ ಹೆಚ್ಚದೆ ಮೊದಲು ಪೇಪರ್ ಕೊಯ್ದು ನೋಡಿ.

ಎಣ್ಣೆಯ ಅರ್ಧ ನೀಟಾಗಿ ಕೊಯ್ದು, ಹಿಡಿಕೆಯ ಕಡೆಯ ಅರ್ಧ ಪೇಪರನ್ನು ಹರಿದರೆ, ನಿಮ್ಮ ಉಕ್ಕು ಸರಿಯಿದೆ, ಮಸೆಯುವುದೂ ಸರಿಯಿದೆ. ರಾತ್ರಿಯ ತುಕ್ಕೇ ಕಳ್ಳ.

ಕಣ್ಣಿಗೆ ತುಕ್ಕು ಕಾಣದೇ ಇರಬಹುದು. ಚೆನ್ನಾಗಿ ಮಸೆದ ಅಂಚಿನ ಕೊನೆಯ ದಪ್ಪ ಒಂದು ಮೈಕ್ರಾನ್‌ಗಿಂತ ಕಮ್ಮಿ ಇರುತ್ತದೆ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್. ಅಷ್ಟು ತೆಳು ಉಕ್ಕನ್ನು ತಿನ್ನಲು ತುಕ್ಕಿಗೆ ದಿನಗಳೇನೂ ಬೇಕಿಲ್ಲ, ಒಂದು ಹನಿ ಉಪ್ಪುನೀರು, ಒಂದು ರಾತ್ರಿ ಸಾಕು. ಅಲಗಿನ ಅಗಲ ಭಾಗ ಫಳಫಳ ಹೊಳೆಯುತ್ತಿರುತ್ತದೆ, ಅಂಚು ಮಾತ್ರ ಹೋಗಿರುತ್ತದೆ.

ನಾನು ಇದನ್ನು ಮೊದಲು ಮಾಡಿದ ದಿನ ನೆನಪಿದೆ. ಬಲ್ಬಿನ ಕೆಳಗೆ ಅಂಚನ್ನು ಮೇಲೆ ಮಾಡಿ ಹಿಡಿದೆ. ಹರಿತ ಅಂಚಿಗೆ ಬೆಳಕು ತಾಗಿ ಮರಳುವಷ್ಟು ಅಗಲವೇ ಇರುವುದಿಲ್ಲ, ಆದ್ದರಿಂದ ಅದು ಕಾಣಬಾರದು. ತುದಿಯ ಕಡೆ ಏನೂ ಕಾಣಲಿಲ್ಲ. ಎಣ್ಣೆ ನಿಂತ ಜಾಗದಿಂದ ಈಚೆಗೆ ಸಣ್ಣ ಸಣ್ಣ ಬಿಳಿ ಚುಕ್ಕಿಗಳು ಸಾಲಾಗಿ ಮಿನುಗಿದವು, ರವೆ ಉದುರಿದ ಹಾಗೆ. ಒಂದೊಂದು ಚುಕ್ಕಿಯೂ ಅಂಚು ತಿಂದುಹೋದ ಒಂದೊಂದು ಜಾಗ. ಅಲ್ಲಿಯವರೆಗೆ ನಾನು ದೋಷ ಹಾಕುತ್ತಿದ್ದದ್ದು ಕಂಬಾರರ ಮೇಲೆ.

ಪರಿಹಾರ ಸರಳ. ಹೆಚ್ಚಿದ ತಕ್ಷಣ ತೊಳೆದು ಒಣಬಟ್ಟೆಯಿಂದ ಒರೆಸಬೇಕು, ಹಿಡಿಕೆಯಿಂದ ತುದಿಯ ಕಡೆಗೆ, ಬೆನ್ನಿನ ಕಡೆಯಿಂದ. ಮಲಗುವ ಮೊದಲು ಅಂಚಿಗೆ ಎಣ್ಣೆ ಬಟ್ಟೆ ಸವರಬೇಕು. ನಮ್ಮಲ್ಲಿ ಒಂದು ಹಳೇ ಬನಿಯನ್ ತುಂಡು ಎಣ್ಣೆ ಹೀರಿಕೊಂಡು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಅದನ್ನು ಎಂಟು ದಿನಕ್ಕೊಮ್ಮೆ ಬದಲಿಸುತ್ತೇವೆ. ಇದನ್ನು ಶುರು ಮಾಡಿದ ಮೇಲೆ ದಿನಾ ಮಸೆಯುತ್ತಿದ್ದ ಚಾಕುವನ್ನು ಈಗ ವಾರಕ್ಕೆರಡು ಸಲ ಮಸೆದರೆ ಸಾಕಾಗುತ್ತಿದೆ.

ಎರಡೂ ಅರ್ಧ ಒಂದೇ ಥರ ಇದ್ದರೆ

ಬೆಳಗ್ಗೆ ಎರಡೂ ಅರ್ಧ ಒಂದೇ ಥರ ಕೊಯ್ದು, ಹೆಚ್ಚಲು ಶುರು ಮಾಡಿದ ಮೇಲೆ ಮೊಂಡಾದರೆ, ಅಥವಾ ಮೊದಲೇ ಹರಿತ ಬಾರದಿದ್ದರೆ, ಅದು ತುಕ್ಕಲ್ಲ. ಮೂರು ಕಾರಣಗಳಲ್ಲಿ ಒಂದಿರುತ್ತದೆ.

ಮೊದಲನೆಯದು ಮಡಚಿಕೊಂಡ ಅಂಚು. ಕಲ್ಲಿನ ಮೇಲೆ ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ಉಕ್ಕಿನ ಸಣ್ಣ ಎಳೆ ಎದ್ದು ನಿಲ್ಲುತ್ತದೆ. ವರ್ಕ್‌ಶಾಪಿನವರು ಇದನ್ನು ಬರ್ ಅನ್ನುತ್ತಾರೆ. ಇದು ಉಳಿದರೆ ಪೇಪರ್ ಚೆನ್ನಾಗಿಯೇ ಕೊಯ್ಯುತ್ತದೆ, ಹರಿತ ಬಂತು ಅನ್ನಿಸುತ್ತದೆ. ನಾಲ್ಕು ಉಳ್ಳಾಗಡ್ಡಿ ಹೆಚ್ಚುವಷ್ಟರಲ್ಲಿ ಎಳೆ ಮಡಚಿ ಬೀಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಜಾರಿಸಿ ನೋಡಿ. ಅಂಚಿನ ಉದ್ದಕ್ಕೆ ಎಂದೂ ಬೆರಳು ಎಳೆಯಬೇಡಿ. ಒಂದು ಬದಿ ನುಣುಪು, ಇನ್ನೊಂದು ಬದಿ ಕೊಕ್ಕೆ ಹಾಕಿದ ಹಾಗೆ ಇದ್ದರೆ ಎಳೆ ಉಳಿದಿದೆ. ಕೊನೆಯ ಹತ್ತು ಹನ್ನೆರಡು ಎಳೆತವನ್ನು ಭಾರವೇ ಹಾಕದೆ, ಒಂದೊಂದೇ ಸಲ ಬದಿ ಬದಲಿಸುತ್ತ ಎಳೆಯಿರಿ. ಆಮೇಲೆ ಹಳೇ ಚರ್ಮದ ಬೆಲ್ಟಿನ ಒರಟು ಬದಿಗೆ ಬೆನ್ನು ಮುಂದಾಗಿ ಸವರಿ. ಇಷ್ಟೇ.

ಎರಡನೆಯದು ಕೋನ. ಅಡುಗೆಮನೆಯ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ. ಕೋನಮಾಪಕ ಬೇಡ. ಅಲಗು 5 ಸೆಂ.ಮೀ. ಅಗಲವಿದ್ದರೆ ಬೆನ್ನನ್ನು ಕಲ್ಲಿನಿಂದ 1.3 ಸೆಂ.ಮೀ. ಎತ್ತಿದರೆ 15 ಡಿಗ್ರಿ, 1.7 ಸೆಂ.ಮೀ. ಎತ್ತಿದರೆ 20. ಅಷ್ಟೆತ್ತರದ ಕಟ್ಟಿಗೆ ಚೂರು ಪಕ್ಕದಲ್ಲಿಟ್ಟುಕೊಂಡರೆ ಕೈಗೆ ರೂಢಿಯಾಗುತ್ತದೆ. ಕೋನ ಸರಿಯಿದೆಯೇ ಅಂತ ನೋಡಲು ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಎರಡು ಸಲ ಮಸೆಯಿರಿ. ಮಸಿ ಅಂಚಿನಲ್ಲೇ ಉಳಿದು ಮೇಲ್ಗಡೆ ಹೋಗಿದ್ದರೆ ಬೆನ್ನನ್ನು ಕಮ್ಮಿ ಎತ್ತಿದ್ದೀರಿ, ಕಲ್ಲು ಅಂಚನ್ನು ಮುಟ್ಟೇ ಇಲ್ಲ. ಮಸೆದು ಮಸೆದು ಕೈ ನೋಯುತ್ತದೆ, ಹರಿತ ಬರುವುದಿಲ್ಲ ಅನ್ನುವವರಲ್ಲಿ ನಾನು ಕಂಡದ್ದು ಹೆಚ್ಚಾಗಿ ಇದೇ.

ಮೂರನೆಯದು ಹದ, ಅಂದರೆ ಕಾಯಿಸಿ ಅದ್ದಿ ಉಕ್ಕಿಗೆ ತಂದ ಗಟ್ಟಿತನ, ಹೋದದ್ದು. ಇದು ನನಗೇ ಆಯಿತು.

ಮೂರು ವರ್ಷದ ಹಿಂದೆ ಕಾರಹುಣ್ಣಿಮೆಯ ಹೊತ್ತು. ಕೆಲಸ ಜಾಸ್ತಿ, ಮಸೆಯಲು ಪುರುಸೊತ್ತಿಲ್ಲ. ಓಣಿಯಲ್ಲಿ ಮಷಿನ್ ಸಾಣೆಯವನೊಬ್ಬ ಬಂದ. ಕರೆಂಟಿನ ಒಣಚಕ್ರ. ದೊಡ್ಡ ಚಾಕು ಕೊಟ್ಟೆ. ಚಕ್ರಕ್ಕೆ ಒತ್ತಿ ಹಿಡಿದ, ಕಿಡಿ ಹಾರಿತು, ಎರಡು ನಿಮಿಷದಲ್ಲಿ ಫಳಫಳ ಮಾಡಿ ಕೊಟ್ಟ. ಅಂಚಿನ ಗುಂಟ ನವಿಲುಗರಿಯ ಹಾಗೆ ನೀಲಿ ಪಟ್ಟಿ ಬಂದಿತ್ತು. ಚೆಂದ ಕಾಣಿಸಿತು. ಆ ದಿನ ಬದನೆಕಾಯಿ ಬೆಣ್ಣೆಯ ಹಾಗೆ ಕೊಯ್ದವು. ಮರುದಿನ ಮಧ್ಯಾಹ್ನಕ್ಕೆ ಮೊಂಡು. ಎಣ್ಣೆ ಹಚ್ಚಿದರೂ ಮೊಂಡು, ಕಲ್ಲಿಗೆ ಮಸೆದರೂ ಮೊಂಡು.

ಚಾಕು ಮಾಡಿಕೊಟ್ಟ ಕಂಬಾರ ಕಾಕಾನ ಹತ್ತಿರ ಒಯ್ದೆ. ಕೈಯಲ್ಲಿ ಹಿಡಿದವನು ಮಸೆದು ನೋಡಲೂ ಇಲ್ಲ. "ಯಕ್ಕಾ, ಇದನ್ನ ಸುಟ್ಟಾರಲ್ಲವಾ. ನೀಲಿ ಬಂತಂದ್ರ ಅದು ಸ್ಪ್ರಿಂಗ್ ಆತು, ಚಾಕು ಉಳೀಲಿಲ್ಲ" ಅಂದ. ಅರ ತೆಗೆದು ಅಂಚಿಗೆ ಒಂದು ಎಳೆ ಎಳೆದ. ಗರ್ರನೆ ಹಿಡಿದು ಪುಡಿ ಉದುರಿತು. ಅದೇ ಅರವನ್ನು ನನ್ನ ಇನ್ನೊಂದು ಚಾಕುವಿನ ಅಂಚಿಗೆ ಎಳೆದ. ಗಾಜಿನ ಮೇಲೆ ಎಳೆದ ಹಾಗೆ ಕಿರ್ ಅಂತ ಜಾರಿತು. "ಈ ಸಪ್ಪಳಾ ಕಿವಿಯಾಗ ಇಟ್ಟಕೋ" ಅಂದ.

ಕಾಕಾ ಹೇಳಿದ್ದು ಅಕ್ಷರಶಃ ನಿಜ. ಗಟ್ಟಿ ಮಾಡಿದ ಉಕ್ಕನ್ನು ಮತ್ತೆ ಕಾಯಿಸುತ್ತ ಹೋದರೆ ಬಣ್ಣ ಬದಲಾಗುತ್ತದೆ. ಸುಮಾರು 220 ಡಿಗ್ರಿಗೆ ಜೋಳದ ಕಣಕಿಯ (ಒಣ ದಂಟಿನ) ತಿಳಿ ಹಳದಿ, 250 ದಾಟಿದರೆ ಕಂದು, 280ರ ಹೊತ್ತಿಗೆ ನೇರಳೆ, 300ರ ಹತ್ತಿರ ನೀಲಿ. ಚಾಕುವಿಗೆ ಬೇಕಾದದ್ದು ಕಣಕಿ ಬಣ್ಣ. ಅದನ್ನು ದಾಟಿದಷ್ಟೂ ಉಕ್ಕು ಮೆತ್ತಗಾಗುತ್ತದೆ. ತೆಳು ಅಂಚು ಒಣಚಕ್ರದ ಮೇಲೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆ ಕಾವು ಮುಟ್ಟುತ್ತದೆ. ನೀಲಿ ಬಣ್ಣವನ್ನು ಆಮೇಲೆ ಪಾಲಿಶ್ ಮಾಡಿ ಅಳಿಸಿದರೂ ಹೋದ ಹದ ಬರುವುದಿಲ್ಲ. ಹಾಗಾಗಿ ಬಣ್ಣ ಕಾಣದಿದ್ದರೆ ಅರದ ಸಪ್ಪಳ ನಂಬಿ.

ಅರ ಹಿಡಿಯಿತು ಅಂದರೆ ಎರಡು ದಾರಿ. ಸುಟ್ಟದ್ದು ಅಂಚಿನ ಒಂದೆರಡು ಮಿಲಿಮೀಟರ್ ಮಾತ್ರ ಆಗಿದ್ದರೆ ಅಷ್ಟನ್ನೂ ಕೈಯಿಂದ ಕಲ್ಲಿನ ಮೇಲೆ, ನೀರು ಹಾಕುತ್ತ ತೆಗೆದುಬಿಡಿ. ಒಳಗಿನ ಉಕ್ಕು ಇನ್ನೂ ಗಟ್ಟಿ ಇರುತ್ತದೆ. 220 ನಂಬರಿನ ಒರಟು ಕಲ್ಲಿನಲ್ಲಿ ಶುರು ಮಾಡಿ 1000ಕ್ಕೆ ಮುಗಿಸಿ. ನಾನು ಇದನ್ನೇ ಮಾಡಿದೆ, ಮೂರು ಸಂಜೆ ಹಿಡಿಯಿತು. ಚಾಕು ಈಗಲೂ ಕೆಲಸ ಮಾಡುತ್ತಿದೆ.

ಪೂರ್ತಿ ಅಲಗೇ ಮೆತ್ತಗಿದ್ದರೆ ಕಂಬಾರರ ಕುಲುಮೆಗೇ ಹೋಗಬೇಕು. ಅಲ್ಲೊಂದು ವಿಷಯ ಕೇಳಿ: ಕಮಾನುಪಟ್ಟಿಯನ್ನು ಬರೀ ಕತ್ತರಿಸಿ ಸಾಣೆ ಹಿಡಿದು ಮಾಡಿದ್ದೋ, ಅಥವಾ ಬಡಿದು ಹದ ಹಾಕಿದ್ದೋ? ಕಮಾನುಪಟ್ಟಿಯ ಹದ ಬಾಗಿ ಮರಳುವುದಕ್ಕೆ ಮಾಡಿದ್ದು. ಗಟ್ಟಿತನ ಅಳೆಯುವ ರಾಕ್‌ವೆಲ್ ಅಳತೆಯಲ್ಲಿ 45ರ ಆಸುಪಾಸು. ಚಾಕುವಿಗೆ 56ರಿಂದ 60 ಬೇಕು. ಹಾಗೇ ಕತ್ತರಿಸಿ ಮಾಡಿದ್ದು ಹೊಸತಿದ್ದಾಗಲೇ ಮೆದು. ಹೊಸದಾಗಿ ಹದ ಹಾಕುವಾಗ ಅಲಗು ಕೆಂಪಗೆ ಕಾದು ಅಯಸ್ಕಾಂತ ಅಂಟದ ಹಂತಕ್ಕೆ ಬರಬೇಕು. ಅದು 770 ಡಿಗ್ರಿ. ಅದಕ್ಕಿಂತ ಸ್ವಲ್ಪ ಮೇಲೆ ಹೋದ ಮೇಲೆ ಎಣ್ಣೆಯಲ್ಲಿ ಅದ್ದಬೇಕು. ಈ ಉಕ್ಕನ್ನು ತಣ್ಣೀರಿಗೆ ಹಾಕಿದರೆ ಬಿರುಕು ಬಿಡುವ ಅಪಾಯ ಇದೆ. ಆಮೇಲೆ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಕಾಯಿಸಿ ಕಣಕಿ ಬಣ್ಣಕ್ಕೆ ನಿಲ್ಲಿಸಬೇಕು. ಕಾಕಾ ಈ ಕೆಲಸವನ್ನು ಬಿಸಿಲಲ್ಲಿ ಮಾಡುವುದಿಲ್ಲ. ನೆರಳಲ್ಲಿ ಮಾತ್ರ ಬಣ್ಣ ಸರಿಯಾಗಿ ಕಾಣುತ್ತದೆ ಅನ್ನುತ್ತಾನೆ.

ಅಂಚು ಮಡಚದೆ ಚಕ್ಕೆ ಹಾರಿದರೆ

ಇದು ಉಲ್ಟಾ ದೋಷ. ಹದ ಜಾಸ್ತಿ ಗಟ್ಟಿ, ಅಥವಾ ಕೋನ ತೀರಾ ತೆಳು, ಅಥವಾ ಮಾಡಬಾರದ ಕೆಲಸ ಮಾಡಿಸಿದ್ದೀರಿ. ಒಣಕೊಬ್ಬರಿ ಬಟ್ಟಲು, ಮೂಳೆ, ಗಟ್ಟಿಬೆಲ್ಲದ ಅಚ್ಚು ಇವಕ್ಕೆ ತೆಳು ಚಾಕು ಬೇಡ. ಬೆಲ್ಲವನ್ನು ಚಾಕುವಿನ ತುದಿಯಿಂದ ಮೀಟಿ ತೆಗೆಯುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ತುದಿ ಮುರಿದ ಚಾಕುಗಳಲ್ಲಿ ಅರ್ಧ ಹೀಗೇ ಮುರಿದದ್ದು. ಕಲ್ಲಿನ ಕಟ್ಟೆ, ಸ್ಟೀಲ್ ತಟ್ಟೆ ಮೇಲೆ ಹೆಚ್ಚಿದರೂ ಅಂಚು ಹೋಗುತ್ತದೆ. ಕಟ್ಟಿಗೆ ಮಣೆ ಇರಲಿ. ಚಕ್ಕೆ ಸಣ್ಣದಿದ್ದರೆ ಕೋನವನ್ನು 20 ಡಿಗ್ರಿಗೆ ಏರಿಸಿ ಮಸೆಯಿರಿ. ಮತ್ತೆ ಮತ್ತೆ ಹಾರುತ್ತಿದ್ದರೆ ಕಂಬಾರರಿಗೆ ಕೊಟ್ಟು ಇನ್ನೊಂದಿಷ್ಟು ಕಾವು ಕೊಡಿಸಿ ಹದ ಇಳಿಸಬೇಕು.

ತುಕ್ಕು ತೆಗೆದರೂ ಮತ್ತೆ ಬರುತ್ತಿದ್ದರೆ

ತುಕ್ಕು ಎಲ್ಲಿ ಬರುತ್ತದೆ ಅಂತ ಗಮನಿಸಿ. ಜಾಗವೇ ಕಾರಣ ಹೇಳುತ್ತದೆ. ಒಂದೇ ಬದಿಗೆ ಬಂದರೆ ಒದ್ದೆ ಮಣೆಯ ಮೇಲೆ ಮಲಗಿಸಿಟ್ಟಿದ್ದೀರಿ. ಗುಂಡಗೆ ಚುಕ್ಕಿ ಚುಕ್ಕಿ ಇದ್ದರೆ ನೀರಿನ ಹನಿ ಹಾಗೇ ಒಣಗಿದೆ. ಹಿಡಿಕೆಯ ಬುಡದಲ್ಲಿ ಮಾತ್ರ ಬಂದರೆ ಹಿಡಿಕೆಯ ಒಳಗೆ ನೀರು ಹೋಗುತ್ತಿದೆ. ಅಲಗಿನ ತುಂಬ ಒಂದೇ ಸಮ ಬಂದರೆ ಇಡುವ ಜಾಗದ ಹವೆ ಒದ್ದೆ, ಅಥವಾ ಪ್ಲಾಸ್ಟಿಕ್ ಚೀಲದಲ್ಲೋ ಚರ್ಮದ ಒರೆಯಲ್ಲೋ ಇಟ್ಟಿದ್ದೀರಿ. ಪ್ಲಾಸ್ಟಿಕ್ ಬೆವರುತ್ತದೆ, ಚರ್ಮ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಹಳೇ ಪೇಪರಿನಲ್ಲಿ ಸುತ್ತಿಡುವುದು ಎರಡಕ್ಕಿಂತ ಮೇಲು.

ಊರೂ ಲೆಕ್ಕಕ್ಕೆ ಬರುತ್ತದೆ. ನನ್ನ ತಂಗಿಯನ್ನು ಖಾನಾಪುರಕ್ಕೆ ಕೊಟ್ಟಿದೆ. ಇಲ್ಲಿಂದ ಒಂದೇ ಕಂಬಾರರ ಒಂದೇ ಜೋಡಿಯ ಚಾಕು ಒಂದನ್ನು ಒಯ್ದಳು. ಬಾಗಲಕೋಟೆ, ವಿಜಯಪುರ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಬೆಳಗಾವಿ ಪಟ್ಟಣದಲ್ಲೇ ಅದರ ಎರಡರಷ್ಟು, ಖಾನಾಪುರದ ಕಾಡಿನ ಕಡೆ ಹೋದರೆ ಇನ್ನೂ ಹಲವು ಪಟ್ಟು. ಗಾಳಿಯ ತೇವ 60% ದಾಟಿದ ಮೇಲೆ ತುಕ್ಕು ಬೇಗ ಬೇಗ ಹಬ್ಬುತ್ತದೆ. ಆಷಾಢದಲ್ಲಿ ಅವಳ ಚಾಕು ಒರೆಸಿಟ್ಟರೂ ಬೆಳಗ್ಗೆ ಕೆಂಪು, ನನ್ನದು ಎಣ್ಣೆ ಇಲ್ಲದೆಯೂ ಎರಡು ದಿನ ತಡೆಯುತ್ತಿತ್ತು. ಅವಳು ಈಗ ಚಾಕುವನ್ನು ಒಲೆಯ ಮೇಲಿನ ಗೂಡಿನಲ್ಲಿ ಇಡುತ್ತಾಳೆ. ಅಲ್ಲಿ ಬೆಚ್ಚಗಿರುತ್ತದೆ, ತೇವ ನಿಲ್ಲುವುದಿಲ್ಲ. ತೊಂದರೆ ಕಮ್ಮಿಯಾಗಿದೆ.

ಒಣ ಸೀಮೆಯವರಿಗೆ ಬೇರೆ ಕಾಟ ಇದೆ: ನೀರು. ನಮ್ಮ ಕಡೆ ಹಲವು ಬೋರಿನ ನೀರು ಸವಳು. ವಿಜಯಪುರದ ಡೋಣಿ ನದಿಯ ನೀರಿನ ಉಪ್ಪು ಎಲ್ಲರಿಗೂ ಗೊತ್ತಿದ್ದದ್ದೇ. ಉಪ್ಪಿನ ಕ್ಲೋರೈಡ್ ಕಪ್ಪು ಪದರವನ್ನೂ ಭೇದಿಸಿ ಒಳಗೆ ಗುಳಿ ತೋಡುತ್ತದೆ. ಅಂಥ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಲಿಂಬೆ ಮತ್ತು ಉಪ್ಪು ಕೂಡಿದರಂತೂ ಕೇಳುವುದೇ ಬೇಡ. ಇಂಡಿ ಲಿಂಬೆ ತಂದು ಉಪ್ಪಿನಕಾಯಿ ಹಾಕುವ ದಿನ ಉಕ್ಕಿನ ಚಾಕುವನ್ನು ಪಕ್ಕಕ್ಕಿಟ್ಟು ಸ್ಟೇನ್‌ಲೆಸ್ ಚಾಕು ಬಳಸಿ. ನಾನು ಹಾಗೇ ಮಾಡುತ್ತೇನೆ.

ತೆಗೆಯುವುದು ಹೇಗೆ

ಮೇಲುಮೇಲಿನ ತುಕ್ಕಿಗೆ ಸಾಣಿಸಿದ ಒಲೆಬೂದಿ, ಒಂದು ಹನಿ ಎಣ್ಣೆ, ಅರ್ಧ ಉಳ್ಳಾಗಡ್ಡಿ. ಅದನ್ನೇ ಹಿಡಿದು ತಿಕ್ಕಿ. ಬೂದಿ ನುಣ್ಣಗೆ ಇರುವುದರಿಂದ ಉಕ್ಕನ್ನು ಕೆರೆಯುವುದಿಲ್ಲ. ಆದರೆ ಒದ್ದೆ ಬೂದಿಯನ್ನು ಹಾಗೇ ಬಿಡಬೇಡಿ, ಅದು ನೀರು ಹಿಡಿಯುತ್ತದೆ. ಹಳೇ ತುಕ್ಕಿಗೆ 400 ನಂಬರ್ ವಾಟರ್ ಪೇಪರ್, ಎಣ್ಣೆ ಹಾಕಿ, ಒಂದೇ ದಿಕ್ಕಿಗೆ.

ಹುಣಸೆಹಣ್ಣು ಬೇಡ. ಹಿತ್ತಾಳೆ ಚೆಂಬು ಬೆಳಗಿದ ಕೈಯಲ್ಲೇ ಚಾಕುವನ್ನೂ ಬೆಳಗುವವರಿದ್ದಾರೆ. ತುಕ್ಕು ಹೋಗುತ್ತದೆ, ನಿಜ. ಅದರ ಜೊತೆ ಕಾಪಾಡುವ ಪದರವೂ ಹೋಗಿ ಬೆತ್ತಲೆ ಉಕ್ಕು ಉಳಿಯುತ್ತದೆ. ಚೆಂಬು ಬೋರಲು ಹಾಕುವಷ್ಟರಲ್ಲಿ ಚಾಕುವಿನ ಮೇಲೆ ಹೊಸ ತಿಳಿಕೆಂಪು ಬಂದಿರುತ್ತದೆ.

ಉಜ್ಜಿ ಬೆಳ್ಳಗಾದ ಚಾಕುವಿಗೆ ಹೊಸ ಪದರ ಕಟ್ಟಿಸಲು ನನ್ನ ದಾರಿ ಇದು. ಸಾಬೂನಿನಿಂದ ಜಿಡ್ಡು ಪೂರ್ತಿ ತೆಗೆದು ಒರೆಸಿ. ಎರಡು ಕಿಲೋ ಉಳ್ಳಾಗಡ್ಡಿ ಹೆಚ್ಚಿ, ಹೆಚ್ಚುವಾಗ ಅಲಗನ್ನು ಒರೆಸಬೇಡಿ. ಹತ್ತು ನಿಮಿಷದೊಳಗೆ ನೀಲಿ ಬೂದು ನೆರಳು ಬೀಳುತ್ತದೆ. ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಸವರಿ. ನಾಲ್ಕೈದು ದಿನ ಹೀಗೆ ಮಾಡಿದರೆ ಬಣ್ಣ ನಿಲ್ಲುತ್ತದೆ.

ವಿಜಯಪುರಕ್ಕೆ ಹೋದವರು ಉಪ್ಲಿ ಬುರುಜು ಹತ್ತಿದ್ದರೆ ಅಲ್ಲಿನ ಉದ್ದ ತೋಪನ್ನು ನೋಡಿರುತ್ತೀರಿ. ಅದೇ ಊರಿನ ಇನ್ನೊಂದು ತೋಪು ಮಲಿಕ್-ಎ-ಮೈದಾನ್ ಕಂಚಿನ ಎರಕ, ಅದಕ್ಕೆ ತುಕ್ಕಿನ ಮಾತೇ ಇಲ್ಲ. ಉಪ್ಲಿ ಬುರುಜಿನದು ಕಬ್ಬಿಣ. ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆ ತೊಡಿಸಿ ಬೆಸೆದದ್ದು. ಆದಿಲ್‌ಶಾಹಿ ಕಾಲದಿಂದ ಬಯಲಲ್ಲೇ ಇದೆ. ಅದರ ಮೈಯ ಕಡು ಬಣ್ಣದ ಬಿಗಿ ಪದರ ನೋಡಿದಾಗೆಲ್ಲ ನನಗೆ ನನ್ನ ಚಾಕು ನೆನಪಾಗುತ್ತದೆ.

ಬದನೆಕಾಯಿ ಕಪ್ಪಾಗುವುದು

ಚಾಕು ಕೊಳೆಯಾಗಿದೆ ಅಂತ ತಿಳಿಯಬೇಡಿ. ಬದನೆ, ಬಾಳೆಕಾಯಿಯಲ್ಲಿ ಒಗರು ಇರುತ್ತದೆ. ಒಗರು ಮತ್ತು ಕಬ್ಬಿಣ ಕೂಡಿದರೆ ಕಪ್ಪು. ಹೊಸದಾಗಿ ಉಜ್ಜಿದ ಚಾಕುವಿನಲ್ಲಿ ಇದು ಜಾಸ್ತಿ, ಪದರ ಕಟ್ಟಿದ ಚಾಕುವಿನಲ್ಲಿ ಕಮ್ಮಿ. ಎಣ್ಣೆಗಾಯಿಗೆ ಸೀಳಿದ ಬದನೆಯನ್ನು ತಕ್ಷಣ ನೀರಿಗೆ ಹಾಕಿ, ಸಾಕು.

ತೋಟದ ಕತ್ತರಿ, ಕಬ್ಬಿನ ಕೊಯ್ತಾ

ದಾಳಿಂಬೆ ಬೆಳೆಗಾರರು ದುಂಡಾಣು ರೋಗ ಹರಡದಿರಲಿ ಅಂತ ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುತ್ತಾರೆ. ಅದ್ದಲೇಬೇಕು. ಆದರೆ ಅದು ಉಕ್ಕಿಗೆ ವಿಷ. ಸಂಜೆ ಕೆಲಸ ಮುಗಿದ ಕೂಡಲೇ ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ಕೀಲಿಗೂ ಎಣ್ಣೆ ಬಿಡಿ. ರಾತ್ರಿ ಹಾಗೇ ಇಟ್ಟರೆ ಬೆಳಗ್ಗೆ ಕತ್ತರಿ ತೆರೆಯುವುದೇ ಕಷ್ಟ.

ದ್ರಾಕ್ಷಿ ಚಾಟಣಿ ಮಾಡುವವರ, ಅಂದರೆ ಬಳ್ಳಿ ಸವರುವವರ, ಕತ್ತರಿಗೆ ಗುಲಾಬಿ ಬಣ್ಣ ಬಂದರೆ ಅದು ತುಕ್ಕಲ್ಲ, ತಾಮ್ರ. ಮೈಲುತುತ್ತದ ದ್ರಾವಣ ತಾಗಿದ ಕಡೆ ಕಬ್ಬಿಣ ಕರಗಿ ತಾಮ್ರ ಕೂತಿರುತ್ತದೆ. ಹಾಗೇ ಬಿಟ್ಟರೆ ತಾಮ್ರದ ಪಕ್ಕದ ಕಬ್ಬಿಣ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ವಾಟರ್ ಪೇಪರಿನಿಂದ ಉಜ್ಜಿ ತೆಗೆಯಿರಿ.

ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವವರ ಕೊಯ್ತಾ ಬೇಗ ಮೊಂಡಾಗುವುದು ಸಹಜ. ಕಬ್ಬಿನ ಸಿಪ್ಪೆಯಲ್ಲಿ ಮರಳಿನ ಅಂಶವೇ ಇರುತ್ತದೆ, ಬುಡದಲ್ಲಿ ಮಣ್ಣು ಬೇರೆ. ಅಲ್ಲಿ ತೆಳು ಅಂಚು ನಿಲ್ಲದು, 25 ಡಿಗ್ರಿ ಇರಲಿ. ರಾತ್ರಿ ಮಾತ್ರ ಕಬ್ಬಿನ ಹಾಲು ಮೆತ್ತಿದ ಹಾಗೇ ಗುಡಿಸಲ ಚಪ್ಪರಕ್ಕೆ ಸಿಗಿಸಬೇಡಿ. ಅದು ಹುಳಿ ಬಂದು ಬೆಳಗಾಗುವಷ್ಟರಲ್ಲಿ ಅಂಚು ತಿನ್ನುತ್ತದೆ.

ಹಿಡಿಕೆ ಅಲ್ಲಾಡಿದರೆ

ಮೊಳೆ ಬಡಿದು ಬಿಗಿ ಮಾಡಬೇಡಿ. ಹಿಡಿಕೆಯ ಒಳಗೆ ಹೋಗಿರುವ ಅಲಗಿನ ಬಾಲಕ್ಕೆ ತುಕ್ಕು ಹಿಡಿದು ಸಣ್ಣಗಾಗಿದೆ. ಹಿಡಿಕೆ ಬಿಚ್ಚಿ, ಬಾಲ ಉಜ್ಜಿ, ಅರ್ಧಕ್ಕಿಂತ ಜಾಸ್ತಿ ತಿಂದುಹೋಗಿದ್ದರೆ ಆ ಚಾಕುವನ್ನು ಬಳಸಬೇಡಿ. ಗಟ್ಟಿಯಾಗಿದ್ದರೆ ಅರಗು ಕಾಯಿಸಿ ಹೊಯ್ದು ಹೊಸ ಹಿಡಿಕೆ ಕೂರಿಸಿ. ಸಂದಿ ಉಳಿಯಬಾರದು.

ಅಂಚಿನಲ್ಲೇ ಗುಳಿ ಬಿದ್ದರೆ

ಅಲಗಿನ ಮಧ್ಯದ ಗುಳಿಯಿಂದ ಕೆಲಸಕ್ಕೆ ತೊಂದರೆ ಇಲ್ಲ, ಎಣ್ಣೆ ತುಂಬಿಕೊಂಡು ಇರಲಿ. ಗುಳಿ ಅಂಚಿಗೆ ಬಂದಿದ್ದರೆ ಅದು ಮುಗಿಯುವವರೆಗೂ ಮಸೆಯಬೇಕು, ಬೇರೆ ದಾರಿ ಇಲ್ಲ. ನಮ್ಮ ಅವ್ವನ ದೊಡ್ಡ ಚಾಕು ಹೀಗೇ ಸವೆದು ಸವೆದು ಎರಡು ಬೆರಳಗಲಕ್ಕೆ ಬಂತು. ಹೋದ ವರ್ಷ ಕಂಬಾರ ಕಾಕಾ ಅದರ ತುದಿ ಕತ್ತರಿಸಿ, ಬೆನ್ನು ತಿದ್ದಿ, ಒಂದು ಗೇಣಿನ ಸಣ್ಣ ಚಾಕು ಮಾಡಿಕೊಟ್ಟ. ಈಗ ಅದರಲ್ಲಿ ಹಸಿಮೆಣಸಿನಕಾಯಿ ಸೀಳುತ್ತೇವೆ. ಅರ ಎಳೆದರೆ ಇನ್ನೂ ಜಾರುತ್ತದೆ.